ಡಿಕ್ಕಿಯಲ್ಲಿರೋ ನೀರಿನ ಕ್ಯಾನ್ ಇಳಿಸಿ



ಇವತ್ತು ಅಡಿಕೆ ಬಗ್ಗೆ ಬರೀತಿಲ್ಲ, ಭತ್ತದ ಬಗ್ಗೆಯೂ ಇಲ್ಲ. ಹಳೇ ಕಾರಿನ ಬಗ್ಗೆ ಬರೀತಿದೀನಿ. ಬೇಜಾರು ಮಾಡ್ಕೋಬೇಡಿ, ಕೊನೇವರೆಗೂ ಓದಿದ್ರೆ ಇದೂ ನೀರಿನ ವಿಷಯವೇ ಅಂತ ಗೊತ್ತಾಗುತ್ತೆ. ಸ್ವಲ್ಪ ಖಾರವಾಗಿ ಬರೀತೀನಿ. ಬೈಸಿಕೊಳ್ಳೋರಲ್ಲಿ ಮೊದಲನೆಯವನು ನಾನೇ ಆಗಿರೋದ್ರಿಂದ ಯಾರೂ ತಪ್ಪು ತಿಳ್ಕೋಬೇಡಿ.

ನಮ್ಮ ಕೆರೆಬಿಳಚಿಯಲ್ಲಾಗಲಿ, ಚನ್ನಗಿರಿ ಅಡಿಕೆ ಮಂಡಿ ಮುಂದಾಗಲಿ ನಿಂತಿರೋ ಹಳೇ ಕಾರುಗಳ ಡಿಕ್ಕಿ ತೆಗೆಸಿ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇರುತ್ತೋ ಇಲ್ವೋ, ಜಾಕ್ ಇರುತ್ತೋ ಇಲ್ವೋ, ಐದು ಲೀಟರಿನ ನೀರಿನ ಕ್ಯಾನ್ ಮಾತ್ರ ಇದ್ದೇ ಇರುತ್ತೆ. ಕೆಲವರದ್ದು ಎಣ್ಣೆ ಕ್ಯಾನು, ಕೆಲವರದ್ದು ತೋಟಕ್ಕೆ ಹೊಡೆದ ಔಷಧಿ ಕ್ಯಾನು. "ಇದ್ಯಾಕಣ್ಣ?" ಅಂದ್ರೆ "ರೇಡಿಯೇಟರ್‌ಗೆ ಕಣೋ, ಹಳೇ ಗಾಡಿ, ಸ್ವಲ್ಪ ಕುಡಿಯುತ್ತೆ" ಅಂತ ನಗ್ತಾರೆ. ಮುನ್ನೆಚ್ಚರಿಕೆ ಅಂತ ಬೇರೆ ಹೇಳ್ತಾರೆ.

ಗಾಡಿ ನೀರು ಕುಡಿಯಲ್ಲ ಸ್ವಾಮಿ. ಎತ್ತು ಕುಡಿಯುತ್ತೆ, ಅಡಿಕೆ ಗಿಡ ಕುಡಿಯುತ್ತೆ. ಕಾರಿನ ನೀರು ಕಮ್ಮಿ ಆಗ್ತಿದೆ ಅಂದ್ರೆ ಅದು ಎಲ್ಲೋ ಸೋರ್ತಿದೆ. ಸೋರೋ ಜಾಗ ಹುಡುಕದೇ ದಿನಾ ನೀರು ಹುಯ್ಯೋದಕ್ಕೆ ಮುನ್ನೆಚ್ಚರಿಕೆ ಅನ್ನಲ್ಲ, ಸೋಮಾರಿತನ ಅಂತಾರೆ. ಇದು ನನಗೆ ಗೊತ್ತಾಗೋಕೆ ಏಳು ತಿಂಗಳು ಹಿಡೀತು.

ನನ್ನದು ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ನನ್ನ ಕೈಗೆ ಬಂದಾಗಲೇ ಇಬ್ಬರು ಓಡಿಸಿದ್ರು. ಕಂಪನಿ ಹೆಸರು ಬರೆಯಲ್ಲ. ಇಷ್ಟು ವರ್ಷ ಓಡಿದ ಗಾಡಿ ಲೀಕ್ ಆದ್ರೆ ಅದು ಕಂಪನಿ ತಪ್ಪಲ್ಲ, ರಬ್ಬರಿಗೂ ಕಬ್ಬಿಣಕ್ಕೂ ವಯಸ್ಸಾಗುತ್ತೆ. ಹೋದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಬಾನೆಟ್ ತೆಗೆದಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಕೆಳಗಿನ ಗೆರೆಗಿಂತ ಕಮ್ಮಿ ಇತ್ತು. ತುಂಬಿಸಿದೆ. ವಾರಕ್ಕೆ ಮತ್ತೆ ಕಮ್ಮಿ. ಮತ್ತೆ ತುಂಬಿಸಿದೆ. ತೋಟದ ಬೋರಿನ ನೀರೇ. ಗಾಡಿ ನಿಲ್ಲಿಸೋ ಜಾಗದಲ್ಲಿ ಬಗ್ಗಿ ನೋಡಿದ್ರೆ ನೆಲ ಒಣಗಿತ್ತು, ಒಂದು ಹನಿಯೂ ಇಲ್ಲ. ನೆಲಕ್ಕೆ ಬೀಳ್ತಿಲ್ಲ ಅಂದ್ಮೇಲೆ ಲೀಕ್ ಇಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಕೊಂಡೆ.

ಆಮೇಲೆ ಶುರುವಾಯ್ತು ಅಂದಾಜಿನ ರಿಪೇರಿ. ಒಬ್ಬರು "ರೇಡಿಯೇಟರ್ ಹೋಗಿದೆ" ಅಂದ್ರು. ಸೆಕೆಂಡ್ ಹ್ಯಾಂಡ್ ರೇಡಿಯೇಟರ್ ಹಾಕಿಸಿದೆ, 2,800 ರೂಪಾಯಿ. ನೀರು ಕಮ್ಮಿ ಆಗೋದು ನಿಲ್ಲಲಿಲ್ಲ. ಇನ್ನೊಬ್ಬರು "ವಾಟರ್ ಪಂಪ್" ಅಂದ್ರು. ಅದಕ್ಕೆ 1,900. ನಿಲ್ಲಲಿಲ್ಲ. ನಮ್ಮ ಭಾವ "ಒಂದು ಹಿಡಿ ಅರಿಶಿನ ಪುಡಿ ಹಾಕು, ತೂತು ಮುಚ್ಕೊಳ್ಳುತ್ತೆ" ಅಂದ್ರು. ಅದನ್ನೂ ಹಾಕಿದೆ. ಅಂಗಡಿಯಲ್ಲಿ ಲೀಕ್ ಮುಚ್ಚೋ ಬಾಟಲಿ ಸಿಗುತ್ತೆ, 250 ರೂಪಾಯಿ, ಅದನ್ನೂ ಸುರಿದೆ. ಕೊನೆಗೆ ಒಬ್ಬ ಮೇಸ್ತ್ರಿ "ಥರ್ಮೋಸ್ಟಾಟ್ ಯಾಕೆ ಬೇಕು ನಮ್ಮ ಬಿಸಿಲು ಸೀಮೆಗೆ" ಅಂತ ಆ ವಾಲ್ವನ್ನೇ ಕಿತ್ತು ನನ್ನ ಕೈಗಿಟ್ಟ. ನಾನು ಜಾಣನ ಹಾಗೆ ತಲೆಯಾಡಿಸಿದೆ.

ಏಪ್ರಿಲ್ ತಿಂಗಳು. ಅವ್ವಂಗೆ ದಾವಣಗೆರೆಯಲ್ಲಿ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಮಧ್ಯಾಹ್ನ ವಾಪಸ್ ಬರ್ತಿದ್ವಿ. ಬೆಳಿಗ್ಗೆ ಹೊರಡೋ ಮುಂಚೆ ನೀರು ತುಂಬಿಸಿದ್ದೆ, ಕ್ಯಾನೂ ಇತ್ತು. ಅರ್ಧ ದಾರಿಯಲ್ಲಿ ಗಾಡಿ ಎಳೀಲಿಲ್ಲ. ಟೆಂಪರೇಚರ್ ಮುಳ್ಳು ನೋಡಿದ್ರೆ ನಡುವೆಯೇ ಇದೆ. ಸರಿ ಅಂತ ಇನ್ನೊಂದು ಎರಡು ಕಿಲೋಮೀಟರ್ ಒತ್ತಿದೆ. ಬಾನೆಟ್ ಸಂದಿಯಿಂದ ಹಬೆ ಬಂತು, ಇಂಜಿನ್ ಬಂದ್ ಆಯ್ತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಮುಳ್ಳಿಗೆ ಸುದ್ದಿ ಕೊಡೋ ಸೆನ್ಸಾರು ನೀರಿನಲ್ಲಿ ಮುಳುಗಿದ್ರೆ ಮಾತ್ರ ಸರಿಯಾದ ಬಿಸಿ ಹೇಳುತ್ತೆ. ನೀರು ಅದಕ್ಕಿಂತ ಕೆಳಗೆ ಇಳಿದ್ರೆ ಅದರ ಮಾತು ನಂಬೋ ಹಾಗಿಲ್ಲ, ಇಂಜಿನ್ ಸುಡ್ತಿದ್ರೂ ಮುಳ್ಳು ಏಳದೇ ಇರಬಹುದು. ಬಾವಿ ಬತ್ತಿದ ಮೇಲೂ ಮೋಟರ್ ಸದ್ದು ಕೇಳಿ ನೀರು ಹರೀತಿದೆ ಅಂದ್ಕೊಂಡ ಹಾಗೆ.

ಅವ್ವನ್ನ ಇಳಿಸಿ ಹುಣಸೇ ಮರದ ಕೆಳಗೆ ಕೂರಿಸಿದೆ. ಕಣ್ಣಿಗೆ ಪಟ್ಟಿ, ಧೂಳು ಬೀಳಬಾರದು ಅಂತ ಡಾಕ್ಟ್ರು ಹೇಳಿ ಕಳಿಸಿದ್ದು. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಸೆರಗು ಮುಖಕ್ಕೆ ಹಿಡ್ಕೊಳ್ಳೋಳು. ಒಂದೂವರೆ ಗಂಟೆ ಕೂತಿದ್ಲು. ಬೈಯ್ಯಲಿಲ್ಲ. ನಾನು ಕ್ಯಾನ್ ಹಿಡ್ಕೊಂಡು ಓಡಾಡೋದು ನೋಡಿ ಒಂದೇ ಮಾತು ಕೇಳಿದ್ಲು: "ದಿನಾ ಹುಯ್ತೀಯಲ್ಲ ಮಗಾ, ಆ ನೀರು ಹೋಗೋದು ಎಲ್ಲಿಗೆ?"

ಏಳು ತಿಂಗಳಲ್ಲಿ ನಾನು ಈ ಪ್ರಶ್ನೆ ಕೇಳ್ಕೊಂಡಿರಲಿಲ್ಲ. ನಾಲ್ಕು ಮೇಸ್ತ್ರಿಗಳ ಹತ್ರ ಹೋಗಿ ಕೇಳಿದ್ದು "ಏನು ಬದಲಾಯಿಸಬೇಕು" ಅಂತ. ಎಲ್ಲಿ ಸೋರ್ತಿದೆ ಅಂತ ಅಲ್ಲ.

ಹೆಡ್ ಬಿಚ್ಚಿದ್ರು. ಸೊಟ್ಟಗಾಗಿತ್ತು. ಫೇಸಿಂಗ್, ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 14,600. ಇದಾದ ಮೇಲೆ ಹತ್ತು ದಿನಕ್ಕೆ ಡಬ್ಬಿ ನೋಡಿದೆ. ಮತ್ತೆ ಕಮ್ಮಿ!

ಆಗ ದಾವಣಗೆರೆಯ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ರ ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. "ಯಜಮಾನ್ರೇ, ಗಾಡಿ ಇಲ್ಲೇ ಬಿಟ್ಟು ಹೋಗಿ, ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೋಡ್ತೀನಿ" ಅಂದ್ರು. ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದು, ಆ ಜಾಗಕ್ಕೆ ಸೈಕಲ್ ಪಂಪಿನಂಥ ಒಂದು ಕೈಪಂಪು ಸಿಕ್ಕಿಸಿದ್ರು. ಪಂಪಿನ ಮೇಲೆ ಮೀಟರ್. ಒತ್ತಡ ಏರಿಸಿ ಬೀಡಿ ಹಚ್ಚಿ ಪಕ್ಕಕ್ಕೆ ಕೂತ್ರು. ಹತ್ತು ನಿಮಿಷದಲ್ಲಿ ಮೀಟರ್ ಮುಳ್ಳು ಇಳೀತು. ಟಾರ್ಚ್ ಮತ್ತು ಕ್ಷೌರದ ಅಂಗಡಿ ಕನ್ನಡಿಯಂಥ ಸಣ್ಣ ಕನ್ನಡಿ ಹಿಡಿದು ಇಂಜಿನ್ನಿನ ಹಿಂಬದಿ ತೋರಿಸಿದ್ರು. ವಾಟರ್ ಪಂಪಿನಿಂದ ಹಿಂದಕ್ಕೆ ಹೋಗೋ ಕಬ್ಬಿಣದ ಪೈಪು. ಅದರ ಹೊಟ್ಟೆಯಲ್ಲಿ ಸೂಜಿ ಮೊನೆಯಷ್ಟು ತೂತು. ಅಲ್ಲಿಂದ ಹನಿ, ಹನಿ, ಹನಿ. ಆ ಹನಿ ಬೀಳೋದು ಎಲ್ಲಿಗೆ? ಸರಿಯಾಗಿ ಸೈಲೆನ್ಸರ್ ಶುರುವಾಗೋ ಬಿಸಿ ಪೈಪಿನ ಮೇಲೆ.

ನೆಲ ಯಾಕೆ ಒಣಗಿತ್ತು ಅಂತ ಈಗ ಅರ್ಥ ಆಯ್ತಲ್ಲ. ಗಾಡಿ ಓಡುವಾಗ ಒತ್ತಡ ಇರುತ್ತೆ, ಹನಿ ಹೊರಗೆ ಬರುತ್ತೆ, ಆದ್ರೆ ಬಿಸಿ ಪೈಪಿನ ಮೇಲೆ ಬಿದ್ದ ಕ್ಷಣ ಆವಿ. ಗಾಡಿ ನಿಂತು ತಣ್ಣಗಾದ ಮೇಲೆ ಒತ್ತಡವೇ ಇಲ್ಲ, ಹನಿಯೇ ಬರಲ್ಲ. ಬಿಸಿ ಇದ್ದಾಗ ಕಾಣಲ್ಲ, ತಣ್ಣಗಿದ್ದಾಗ ಸೋರಲ್ಲ. ಇಂಜಿನ್ ತಣ್ಣಗಿರುವಾಗಲೇ ಒತ್ತಡ ಕೊಡೋ ಆ ಕೈಪಂಪು ಬಿಟ್ರೆ ಇದನ್ನ ಹಿಡಿಯೋದು ಕಷ್ಟ.

ಪೈಪಿಗೆ 450, ಕೂಲಿ 800. ಒಟ್ಟು 1,250 ರೂಪಾಯಿ. ಅದಕ್ಕೂ ಮುಂಚೆ ನಾನು ಸುರಿದದ್ದು 19,550. ಅವ್ವ ಬಿಸಿಲಲ್ಲಿ ಕೂತಿದ್ದಕ್ಕೆ ಲೆಕ್ಕ ಹಾಕಿಲ್ಲ.

ಹಳೇ ಪೈಪನ್ನ ಉದ್ದಕ್ಕೆ ಕೊಯ್ದು ತೋರಿಸಿದ್ರು ಆ ಮೇಸ್ತ್ರಿ. ಹೊರಗಡೆ ಬಣ್ಣ ಹಾಗೇ ಇದೆ, ಒಳಗಡೆ ಪೂರ್ತಿ ತುಕ್ಕು, ತುಕ್ಕಿನ ಮೇಲೆ ಬಿಳಿ ಸುಣ್ಣ. "ಏನು ನೀರು ಹಾಕ್ತಿದ್ರಿ?" ಅಂದ್ರು. ಬೋರಿನದ್ದು ಅಂದೆ. ಅವರು ಮಾತಾಡಲಿಲ್ಲ. ತೂತಿನಿಂದ ಹೋದ ನೀರಿಗೆ ಬದಲಾಗಿ ನಾನು ಹುಯ್ತಿದ್ದ ನೀರೇ ಆ ಪೈಪನ್ನ ಇನ್ನಷ್ಟು ತಿಂತಿತ್ತು.

ಈಗ ಜಗಳಕ್ಕೆ ಬರೋಣ. ಇದನ್ನ ಹೇಳಿದಾಗ ನಮ್ಮೂರ ಕಟ್ಟೆ ಮೇಲೆ ನನಗೆ ಸಿಕ್ಕ ಉತ್ತರಗಳು ನಾಲ್ಕು. ಒಂದೊಂದಕ್ಕೂ ನನ್ನ ಮಾತು ಹೇಳ್ತೀನಿ.

ಒಂದನೇ ಮಾತು: "ನಮ್ಮಪ್ಪನ ಕಾಲದಲ್ಲಿ ಅಂಬಾಸಿಡರ್‌ಗೆ ಕೆರೆ ನೀರು ಹಾಕಿ ಓಡಿಸ್ತಿದ್ರು, ಏನಾಗಿತ್ತು?" ನಿಜ, ಓಡಿಸ್ತಿದ್ರು. ಆದ್ರೆ ಆ ಅಂಬಾಸಿಡರಿನ ಹಳೇ ಪೆಟ್ರೋಲ್ ಇಂಜಿನ್ನಿನ ಹೆಡ್ಡೂ ಬ್ಲಾಕೂ ಎರಡೂ ಬೀಡು ಕಬ್ಬಿಣ. ರೇಡಿಯೇಟರ್ ತಾಮ್ರ-ಹಿತ್ತಾಳೆ, ತೂತಾದ್ರೆ ಅಂಗಡಿಯವನು ಬೆಸುಗೆ ಹಾಕಿ ಕೊಡ್ತಿದ್ದ. 1983ರಲ್ಲಿ ಮಾರುತಿ 800 ಬಂತು, ಅದರ ಹೆಡ್ ಅಲ್ಯೂಮಿನಿಯಂ. ಆಮೇಲೆ ಬಂದ ಕಾರುಗಳಲ್ಲಿ ಬಹಳಷ್ಟರ ರೇಡಿಯೇಟರೂ ಅಲ್ಯೂಮಿನಿಯಂ, ಎರಡು ಕಡೆ ಪ್ಲಾಸ್ಟಿಕ್ ತೊಟ್ಟಿ. ಅಲ್ಯೂಮಿನಿಯಂ, ಕಬ್ಬಿಣ, ತವರ ಎಲ್ಲ ಒಂದೇ ನೀರಿನಲ್ಲಿ ಮುಳುಗಿದ್ರೆ, ನೀರಿನಲ್ಲಿ ಉಪ್ಪು ಇದ್ರೆ, ಒಂದು ಲೋಹ ಇನ್ನೊಂದನ್ನ ತಿನ್ನುತ್ತೆ. ಅದನ್ನ ತಡೆಯೋ ಔಷಧಿ ಕೂಲಂಟಿನಲ್ಲಿದೆ, ಬೋರಿನ ನೀರಿನಲ್ಲಿ ಇಲ್ಲ. ಅಂಬಾಸಿಡರ್ ತಯಾರಿಕೆ 2014ಕ್ಕೇ ನಿಂತು ಹೋಯ್ತು. ಆ ಕಾಲದ ರೂಢಿ ಮಾತ್ರ ನಮ್ಮ ಡಿಕ್ಕಿಯಲ್ಲಿ ಕೂತಿದೆ.

ಎರಡನೇ ಮಾತು: "ಕೂಲಂಟ್ ಅಂದ್ರೆ ಚಳಿ ದೇಶದವರಿಗೆ, ನೀರು ಹೆಪ್ಪುಗಟ್ಟದೇ ಇರಲಿ ಅಂತ. ನಮಗ್ಯಾಕೆ?" ಇದು ಅರ್ಧ ಸತ್ಯ. ಕೂಲಂಟಿಗೆ ಮೂರು ಕೆಲಸ. ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋದು ಒಂದು, ಅದು ನಮಗೆ ಬೇಡ. ಬೇಗ ಕುದಿಯದ ಹಾಗೆ ನೋಡ್ಕೊಳ್ಳೋದು ಎರಡು. ತುಕ್ಕು ತಡೆಯೋದು ಮೂರು. ಈ ಎರಡೂ ಚಳಿ ದೇಶಕ್ಕಿಂತ ನಮಗೇ ಜಾಸ್ತಿ ಬೇಕು. ಇನ್ನು ಬೋರಿನ ನೀರು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡ್ರಿಪ್ ಪೈಪಿನ ತುದಿಯಲ್ಲಿ ಬಿಳಿ ಸುಣ್ಣ ಕಟ್ಟಿ ಹನಿ ನಿಂತು ಹೋದಾಗ ಆಸಿಡ್ ಬಿಟ್ಟು ತೊಳಿಯೋರು ನಾವು. ತಣ್ಣನೆ ಪೈಪಿನಲ್ಲೇ ಸುಣ್ಣ ಕಟ್ಟೋ ನೀರು, ಕುದಿಯೋ ಇಂಜಿನ್ನಿನಲ್ಲಿ ಏನು ಮಾಡೀತು? ಕುಡಿಯೋ ನೀರಿಗೆ ಸರ್ಕಾರದ ಮಾನಕ ಇದೆ, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರು ಸಿಗದಿದ್ರೆ 600ರವರೆಗೆ ನಡೆಯುತ್ತೆ ಅಂತ. ನಿಮ್ಮ ಬೋರಿನ ನೀರು ಒಮ್ಮೆ ಪರೀಕ್ಷೆ ಮಾಡಿಸಿ ನೋಡಿ, ಆಮೇಲೆ ರೇಡಿಯೇಟರ್‌ಗೆ ಹುಯ್ಯೋ ಮನಸ್ಸು ಬರುತ್ತಾ ಹೇಳಿ.

ಮೂರನೇ ಮಾತು: "ಇಪ್ಪತ್ತು ವರ್ಷದ ಗಾಡಿ, ಮಾರಿದ್ರೆ ಐವತ್ತು ಸಾವಿರ ಬರಲ್ಲ, ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು?" ಅದಕ್ಕೇ ತಲೆ ಕೆಡಿಸ್ಕೋಬೇಕು. ದುಬಾರಿ ಗಾಡಿ ಇರೋನಿಗೆ ಹದಿನೈದು ಸಾವಿರದ ರಿಪೇರಿ ತಡ್ಕೊಳ್ಳೋ ಶಕ್ತಿ ಇರುತ್ತೆ. ನಮ್ಮ ಗಾಡಿ ಒಂದು ಸಲ ಹೆಡ್ ಸುಟ್ಟುಕೊಂಡ್ರೆ ಗುಜರಿಗೇ ದಾರಿ. ಆಮೇಲೆ ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ, ಯಾರ ಮನೆ ಬಾಗಿಲು ತಟ್ಟೋದು? ಗಾಡಿಗೆ ಬೆಲೆ ಇಲ್ಲದೇ ಇರಬಹುದು, ಅದರಲ್ಲಿ ಕೂರೋರಿಗೆ ಬೆಲೆ ಇದೆ.

ನಾಲ್ಕನೇ ಮಾತು: "ಮೆಕ್ಯಾನಿಕ್‌ಗಳು ಮೋಸ ಮಾಡ್ತಾರೆ." ಇಲ್ಲಿ ಸ್ವಲ್ಪ ನಮ್ಮ ಕಡೆಗೂ ತಿರುಗಿ ನೋಡೋಣ. ಸಾಮಾನು ಬದಲಾಯಿಸಿದ್ರೆ ನಾವು ದುಡ್ಡು ಕೊಡ್ತೀವಿ, ಹಳೇ ಸಾಮಾನು ಕೈಗೆ ಸಿಗುತ್ತೆ, ಹೊಸದು ಕಣ್ಣಿಗೆ ಕಾಣುತ್ತೆ. ಒಂದು ಗಂಟೆ ಕೂತು ಲೀಕ್ ಹುಡುಕಿದ್ರೆ "ಏನ್ ಮಾಡಿದೆ ಅಂತ ದುಡ್ಡು? ಬರೀ ನೋಡಿದೆ ತಾನೇ?" ಅಂತೀವಿ. ಹಾಗಾದ್ರೆ ಅವನು ಯಾಕೆ ಹುಡುಕ್ತಾನೆ? ಪಂಪ್ ಬದಲಾಯಿಸಿ ಕಳಿಸ್ತಾನೆ. ಬೋರ್ ಪಾಯಿಂಟ್ ನೋಡೋರಿಗೆ ಮಾತ್ರ, ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕೂಡಲೇ ಸಾವಿರ ಸಾವಿರ ಎಣಿಸಿ ಕೊಡ್ತೀವಿ. ಆರುನೂರು ಅಡಿಗೆ ಧೂಳು ಬಂದ್ರೂ ವಾಪಸ್ ಕೇಳಲ್ಲ. ಭೂಮಿ ಒಳಗಿನ ನೀರು ಹುಡುಕೋಕೆ ದುಡ್ಡು ಇದೆ, ಬಾನೆಟ್ ಒಳಗಿನ ನೀರು ಹುಡುಕೋಕೆ ಮುನ್ನೂರು ರೂಪಾಯಿ ಇಲ್ಲ.

ಸರಿ, ಹುಡುಕೋದು ಹೇಗೆ? ಖರ್ಚಿಲ್ಲದ್ದರಿಂದ ಶುರು ಮಾಡಿ ಖರ್ಚಿನ ಕಡೆಗೆ ಹೋಗಬೇಕು. ನಾನು ಉಲ್ಟಾ ಮಾಡಿದ್ದೆ. ಆ ಮೇಸ್ತ್ರಿ ಹೇಳಿದ್ದು, ನಾನು ಆಮೇಲೆ ನೋಡಿ ಕಲ್ತಿದ್ದು, ಎರಡೂ ಸೇರಿಸಿ ಬರೀತೀನಿ.

1. ಮೊದಲು ಅಳತೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಡಬ್ಬಿಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ, ತಾರೀಖು, ಕಿಲೋಮೀಟರ್ ಬರೆದಿಡಿ. ವಾರ ಬಿಟ್ಟು ಅದೇ ಹೊತ್ತಿಗೆ ನೋಡಿ. ಬಿಸಿ ಇದ್ದಾಗ ಮಟ್ಟ ಮೇಲಿರುತ್ತೆ, ತಣ್ಣಗಾದಾಗ ಇಳಿಯುತ್ತೆ, ಅದು ಸಹಜ. ವರ್ಷಕ್ಕೆ ಒಂದಿಷ್ಟು ಕಮ್ಮಿ ಆದ್ರೆ ಚಿಂತೆ ಇಲ್ಲ. ವಾರಕ್ಕೆ ಅರ್ಧ ಲೀಟರ್ ಹೋದ್ರೆ ಲೀಕ್.

2. ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಎಲ್ಲಿ ಒದ್ದೆ ಅಂತ ನೋಡಿ. ಎಸಿ ಹಾಕಿ ಬಂದಿದ್ರೆ ಬರೀ ನೀರು ಬೀಳುತ್ತೆ, ಅದಕ್ಕೆ ಬಣ್ಣ ಇಲ್ಲ, ಜಿಡ್ಡಿಲ್ಲ, ಅದು ಲೀಕ್ ಅಲ್ಲ. ರಟ್ಟು ಒಣಗಿದ್ರೆ ಲೀಕ್ ಇಲ್ಲ ಅಂತ ನನ್ನ ಹಾಗೆ ಹೇಳಬೇಡಿ.

3. ಮುಚ್ಚಳ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಅದರ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತೆ. ಅಷ್ಟು ಒತ್ತಡವನ್ನ ಒಳಗೆ ಹಿಡಿದಿಡುತ್ತೆ, ನಮ್ಮ ಅಡುಗೆ ಮನೆ ಕುಕ್ಕರಿನ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ. ಬರೀ ನೀರು 100 ಡಿಗ್ರಿಗೆ ಕುದಿಯೋದು, ಈ ಒತ್ತಡದಲ್ಲಿ 118ರ ಹತ್ತಿರ ಹೋಗುತ್ತೆ. ರಬ್ಬರು ಒಣಗಿ ಸೀಳಿದ್ರೆ ಒತ್ತಡ ನಿಲ್ಲಲ್ಲ, ಬೇಗ ಕುದಿಯುತ್ತೆ, ಡಬ್ಬಿಯಿಂದ ಹೊರಗೆ ಚೆಲ್ಲುತ್ತೆ. ಕುಕ್ಕರಿನ ಗ್ಯಾಸ್ಕೆಟ್ ಹಳೇದಾದ್ರೆ ಮನೆಯವರು ನೆನಪಿಟ್ಟು ತರಿಸ್ತಾರೆ. ಈ ಮುಚ್ಚಳವನ್ನ ಯಾರಾದ್ರೂ ಬದಲಾಯಿಸಿದ್ದೀರಾ? ಅದೇ ನಂಬರಿನದ್ದು ತನ್ನಿ. ಜಾಸ್ತಿ ನಂಬರ್ ಒಳ್ಳೇದು ಅಂತ ಹಾಕಿದ್ರೆ ಹಳೇ ಪೈಪು ಒಡೀತಾವೆ.

4. ರಬ್ಬರ್ ಪೈಪು ಮತ್ತು ಕ್ಲಿಪ್ಪು. ತಣ್ಣಗಿರುವಾಗ ಪೈಪನ್ನ ಹಿಚುಕಿ ನೋಡಿ. ಕರಕರ ಅಂದ್ರೆ, ಬಿರುಕು ಕಂಡ್ರೆ, ತುದಿ ಉಬ್ಬಿದ್ರೆ ಬದಲಾಯಿಸಿ. ಕ್ಲಿಪ್ಪಿನ ಸುತ್ತ ಬಿಳಿಯೋ, ಹಸಿರೋ, ಕೆಂಪೋ ಪುಡಿ ಕಟ್ಟಿದ್ರೆ ಅಲ್ಲಿ ನೀರು ಬಂದು ಆರಿ ಹೋಗ್ತಿದೆ ಅಂತ ಅರ್ಥ. ಸೋರಿದ ಜಾಗದ ಗುರುತು ಅದೇ.

5. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರ ಬಿಟ್ಟಿರ್ತಾರೆ. ಒಳಗಿನ ಸೀಲ್ ಹೋದ್ರೆ ಅಲ್ಲಿಂದ ನೀರು ಇಳೀಲಿ ಅಂತಲೇ ಅದು ಇರೋದು. ಅಲ್ಲಿ ಒದ್ದೆ ಇದ್ರೆ ಪಂಪ್ ಬದಲಾಯಿಸಿ. ಒಣಗಿದ್ರೆ, ಕಲೆಯೂ ಇಲ್ಲದಿದ್ರೆ, ಪಂಪಿನ ಮೇಲೆ ಕೈ ಹಾಕಬೇಡಿ. ಎಂ-ಸೀಲ್ ಹಚ್ಚಿ ಆ ರಂಧ್ರ ಮುಚ್ಚಿದವರನ್ನೂ ನೋಡಿದೀನಿ. ಅದು ಕೆಮ್ಮುವ ಮಗುವಿನ ಬಾಯಿ ಮುಚ್ಚಿದ ಹಾಗೆ.

6. ಕಾರಿನ ಒಳಗೆ ಎಡಗಡೆ ಕಾಲಿಡೋ ಜಾಗದ ಮ್ಯಾಟ್ ಎತ್ತಿ ನೋಡಿ. ಒದ್ದೆ ಇದ್ದು, ಸಿಹಿ ವಾಸನೆ ಬಂದು, ಮುಂದಿನ ಗಾಜಿನ ಒಳಗಡೆ ಜಿಡ್ಡು ಮಂಜು ಕೂತ್ರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರ್ತಿದೆ. ನಾವು ಹೀಟರ್ ಹಾಕಲ್ಲ, ಆದ್ರೂ ಎಷ್ಟೋ ಗಾಡಿಗಳಲ್ಲಿ ನೀರು ಅಲ್ಲಿಗೆ ಹೋಗಿ ಬರ್ತಾನೇ ಇರುತ್ತೆ.

7. ಇಷ್ಟಕ್ಕೂ ಸಿಗದಿದ್ರೆ ಪ್ರೆಶರ್ ಟೆಸ್ಟ್. ಮುಚ್ಚಳದ ಮೇಲಿನ ನಂಬರಿಗಿಂತ ಜಾಸ್ತಿ ಒತ್ತಡ ಕೊಡಬಾರದು. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಮೀಟರ್ ಇಳಿದ್ರೆ ಹನಿ ಎಲ್ಲೋ ಇದೆ, ಟಾರ್ಚು ಕನ್ನಡಿ ಹಿಡಿದು ಹುಡುಕಿ. ಎಲ್ಲಾ ಮೇಸ್ತ್ರಿಗಳ ಹತ್ರ ಈ ಸಾಮಾನು ಇರಲ್ಲ. ಇರೋರನ್ನ ಕೇಳಿ ಹೋಗಿ.

8. ಮೀಟರ್ ಇಳೀತಿದೆ, ಹೊರಗೆ ಎಲ್ಲೂ ಹನಿ ಇಲ್ಲ ಅಂದ್ರೆ ಆಗ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಿ. ಆಯಿಲ್ ಮುಚ್ಚಳದ ಕೆಳಗೆ ಹಾಲಿನ ಕೆನೆಯಂಥದ್ದು, ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ತಣ್ಣಗೆ ಸ್ಟಾರ್ಟ್ ಮಾಡಿದಾಗ ನಿಲ್ಲದೇ ಏಳೋ ಗುಳ್ಳೆ, ಇವು ಅದರ ಲಕ್ಷಣ. ಇದಕ್ಕೂ ಪರೀಕ್ಷೆ ಇದೆ. ನೀಲಿ ದ್ರಾವಣದ ಮೂಲಕ ರೇಡಿಯೇಟರಿನ ಗಾಳಿ ಹಾಯಿಸ್ತಾರೆ, ಇಂಜಿನ್ನಿನ ಹೊಗೆ ಅದರಲ್ಲಿ ಸೇರಿದ್ರೆ ನೀಲಿ ಹೋಗಿ ಹಳದಿ ಆಗುತ್ತೆ. ಆ ಹಳದಿ ನೋಡದೇ ಹೆಡ್ ಬಿಚ್ಚೋಕೆ ಒಪ್ಪಬೇಡಿ.

ಅರಿಶಿನ, ಮೊಟ್ಟೆ, ಲೀಕ್ ಮುಚ್ಚೋ ಬಾಟಲಿ, ಇವುಗಳ ಬಗ್ಗೆ ಒಂದೇ ಮಾತು. ತೂತು ಯಾವುದು, ರೇಡಿಯೇಟರಿನ ಸಣ್ಣ ದಾರಿ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗಲ್ಲ. ಎರಡನ್ನೂ ಮುಚ್ಚುತ್ತೆ. ಥರ್ಮೋಸ್ಟಾಟ್ ಕೀಳೋದೂ ಅಷ್ಟೇ. ಆ ವಾಲ್ವು ಸುಮಾರು 82ರಿಂದ 88 ಡಿಗ್ರಿಗೆ ತೆರೆಯುತ್ತೆ, ಅಲ್ಲಿಯವರೆಗೆ ಇಂಜಿನ್ ಬೇಗ ಬಿಸಿಯಾಗಲಿ ಅಂತ. ಕಿತ್ತು ಹಾಕಿದ್ರೆ ಇಂಜಿನ್ ತಂಪಲ್ಲೇ ಓಡುತ್ತೆ, ಪೆಟ್ರೋಲ್ ಜಾಸ್ತಿ ತಿನ್ನುತ್ತೆ, ಆಯಿಲ್ ಕೆಡುತ್ತೆ. ಲೀಕ್ ಮಾತ್ರ ಇದ್ದಲ್ಲೇ ಇರುತ್ತೆ. ನಾಲೆ ಒಡೆದಿದೆ ಅಂತ ತೂಬಿನ ಬಾಗಿಲು ಕಿತ್ತು ಹಾಕ್ತೀವಾ?

ಎಚ್ಚರಿಕೆ ಎರಡಿದೆ, ದಯವಿಟ್ಟು ಇದನ್ನ ಮನೆಯ ಹುಡುಗರಿಗೂ ಹೇಳಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತಿರುಗಿಸಬೇಡಿ, ಮುಖಕ್ಕೇ ಹಾರುತ್ತೆ. ದಾರಿಯಲ್ಲಿ ಕುದ್ದರೆ ಬಂದ್ ಮಾಡಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಮೇಲಿನ ಪೈಪು ಕೈಯಿಂದ ಮುಟ್ಟೋ ಹಾಗಾದ ಮೇಲೆ ಬಟ್ಟೆ ಹಿಡಿದು ನಿಧಾನ ತೆಗೀರಿ. ಸುಡೋ ಇಂಜಿನ್ನಿಗೆ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡಬಹುದು. ಎರಡನೇದು, ಕೂಲಂಟ್ ವಿಷ. ರುಚಿ ಸಿಹಿ, ಅದೇ ಅಪಾಯ. ಇಳಿಸಿದ ಕೂಲಂಟನ್ನ ಬಕೆಟ್ಟಿನಲ್ಲಿ ಅಂಗಳದಲ್ಲಿಟ್ರೆ ನಾಯಿ ನೆಕ್ಕುತ್ತೆ, ಕರು ಕುಡಿಯುತ್ತೆ, ಕಿಡ್ನಿ ಹೋಗಿ ಸಾಯುತ್ತೆ. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಅಂತೂ ಇಡಲೇಬೇಡಿ, ಮಕ್ಕಳು ಕುಡಿದಾರು. ನಾಲೆಗೆ, ಕೆರೆಗೆ ಚೆಲ್ಲಬೇಡಿ. ನಮ್ಮ ಸೂಳೆಕೆರೆ ನೀರನ್ನ ಚಿತ್ರದುರ್ಗದವರೂ ಕುಡೀತಾರೆ ಅನ್ನೋದು ನೆನಪಿರಲಿ. ಮೇಸ್ತ್ರಿ ಹತ್ರವೇ ಬಿಟ್ಟು ಬನ್ನಿ.

ಹೊಸದಾಗಿ ಹಾಕುವಾಗ ಗಾಡಿ ಪುಸ್ತಕದಲ್ಲಿ ಹೇಳಿದ ಕೂಲಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಬೆರೆಸಿದ್ದೇ ಸಿಗುತ್ತೆ, ಅದಕ್ಕೆ ಮತ್ತೆ ನೀರು ಬೇಡ. ಹಸಿರು, ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ, ಬಣ್ಣ ಒಂದೇ ಇದ್ರೂ ಒಳಗಿನ ಮದ್ದು ಬೇರೆ ಇರಬಹುದು. ಗತಿ ಇಲ್ಲದಾಗ ಊರಿನ ಶುದ್ಧ ನೀರಿನ ಘಟಕದ ನೀರು ಹಾಕಿ ಮನೆ ಸೇರಿ, ತಪ್ಪಿಲ್ಲ. ಕ್ಯಾನಿನ ನೀರು ಮೇಸ್ತ್ರಿ ಮನೆವರೆಗೆ ಮಾತ್ರ ಸಾಕು, ಏಳು ತಿಂಗಳಿಗಲ್ಲ.

ಕೊನೇ ಮಾತು. 2024ರ ಬೇಸಿಗೆ ಯಾರೂ ಮರೆತಿಲ್ಲ. ಬೋರು ಬತ್ತಿ, ಟ್ಯಾಂಕರ್ ನೀರು ಕೊಂಡು ನಮ್ಮ ತಾಲೂಕಿನಲ್ಲಿ ಅಡಿಕೆ ಉಳಿಸಿಕೊಂಡೆವು. ಆಗ ಡ್ರಿಪ್ಪಿನ ಒಂದು ಜಾಯಿಂಟ್ ಸೋರಿದ್ರೆ ರಾತ್ರಿ ಟಾರ್ಚ್ ಹಿಡಿದು ಸಾಲು ಸಾಲು ಹುಡುಕಿ ಕಟ್ಟಿ ಬರ್ತಿದ್ವಿ. "ಇರಲಿ ಬಿಡು, ಇನ್ನೊಂದು ಟ್ಯಾಂಕರ್ ತರಿಸು" ಅಂತ ಒಬ್ಬನೂ ಹೇಳಲಿಲ್ಲ. ಹನಿ ಎಲ್ಲಿ ಹೋಗುತ್ತೆ ಅಂತ ಹುಡುಕೋದು ನಮಗೆ ಬರುತ್ತೆ. ಬಾನೆಟ್ ತೆಗೆದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತೋ ನನಗೆ ಅರ್ಥ ಆಗಲ್ಲ.

ಜೂನ್‌ನಲ್ಲಿ ಅವ್ವನ ಇನ್ನೊಂದು ಕಣ್ಣಿನ ಆಪರೇಷನ್ನೂ ಆಯ್ತು. ಅದೇ ಕಾರು, ಅದೇ ದಾರಿ. ಥರ್ಮೋಸ್ಟಾಟ್ ಮತ್ತೆ ಹಾಕಿಸಿದ್ದೆ. ಡಬ್ಬಿಯ ಮೇಲೆ ಹಾಕಿದ ಗೆರೆ ಎರಡು ತಿಂಗಳಿಂದ ಅಲ್ಲೇ ಇದೆ. ಹೊರಡೋ ಮುಂಚೆ ಅವ್ವ "ನೀರಿನ ಕ್ಯಾನ್ ಇಟ್ಕೊಂಡ್ಯಾ?" ಅಂದ್ಲು. ಇಲ್ಲ ಅಂದೆ. ಅನುಮಾನದಿಂದ ನೋಡಿ, ಕುಡಿಯೋಕೆ ಅಂತ ತನ್ನ ಚೊಂಬು ತುಂಬಿಸಿಕೊಂಡೇ ಹತ್ತಿದ್ಲು. ಮನೆಗೆ ಬಂದು ಉಳಿದ ನೀರನ್ನ ತುಳಸಿ ಗಿಡಕ್ಕೆ ಹಾಕಿದ್ಲು.

ನಿಮ್ಮ ಡಿಕ್ಕಿಯಲ್ಲೂ ಕ್ಯಾನ್ ಇದ್ರೆ ನಾಳೆ ಬೆಳಿಗ್ಗೆ ಡಬ್ಬಿ ಮೇಲೆ ಒಂದು ಗೆರೆ ಹಾಕಿ. ವಾರ ಬಿಟ್ಟು ಏನಾಯ್ತು ಅಂತ ಬರೀರಿ. ಪ್ರೆಶರ್ ಟೆಸ್ಟ್ ಮಾಡೋ ಮೇಸ್ತ್ರಿ ನಿಮ್ಮ ಕಡೆ ಯಾರಾದ್ರೂ ಇದ್ರೆ ಅದನ್ನೂ ತಿಳಿಸಿ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ.